ಖಂಡಾಲಾ: ರೈಲು ಹಿಂದುಮುಂದಾಗುತ್ತಿದ್ದ ಕಡೆ ಒಂದು ಚಹಾ

ಡೊಂಬಿವಲಿಯಿಂದ ವಿಜಯಪುರಕ್ಕೆ ಕಾರಿನಲ್ಲಿ ಹೊರಟಾಗ ನಾನು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಹಿಡಿಯುವುದಿಲ್ಲ. ಖೋಪೋಲಿ ಮೇಲಿನಿಂದ ಹಳೇ ರಸ್ತೆಯಲ್ಲಿ ಭೋರ್ ಘಾಟ್ ಹತ್ತುತ್ತೇನೆ. ಮನೆಯವರಿಗೆ ಇದು ಬರೀ ಹಠ. ಹೊತ್ತು ಜಾಸ್ತಿ ಹಿಡಿಯುತ್ತದೆ, ನಿಜ. ಆದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಮನಸ್ಸು ಬಂದಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ನನಗೋ ಘಾಟಿಯ ತಲೆಯ ಮೇಲಿರುವ ಖಂಡಾಲಾದಲ್ಲಿ ಒಂದು ಚಹಾ ಬೇಕು.

ಹೋದ ಮಳೆಗಾಲದಲ್ಲಿ ನಮ್ಮ ಸೋದರಮಾವ ಜತೆಗಿದ್ದರು. ಇಂಡಿ ಹತ್ತಿರ ಹೊಲ, ಕಬ್ಬು, ಎರಡು ಟ್ರ್ಯಾಕ್ಟರ್. ರಾಜಮಾಚಿ ಪಾಯಿಂಟ್ ಹತ್ತಿರ ಕಾರು ನಿಲ್ಲಿಸಿದೆ. ಉಪ್ಪು, ಖಾರ, ನಿಂಬೆಹಣ್ಣು ಸವರಿದ ಸುಟ್ಟ ತೆನೆ ಕೈಗೆ ಬಂತು. ಎದುರಿಗೆ ಬರೀ ಮಂಜು. ಕಣಿವೆ ಇರಬೇಕಾದ ಕಡೆ ಹತ್ತಿ ತುಂಬಿದ ಹಾಗೆ ಬೆಳ್ಳಗಿತ್ತು. ಮಾವ ಒಂದೆರಡು ನಿಮಿಷ ನೋಡಿದರು. "ಇಲ್ಲೇನೈತಿ ನೋಡಾಕ?" ಅಂದರು.

ಅವರು ಕೇಳಿದ್ದು ತಪ್ಪಲ್ಲ. ಮುಂಬೈಯ ದೊಡ್ಡ ರೈಲು ನಿಲ್ದಾಣ ಸಿಎಸ್‌ಎಂಟಿ ಮುಂದೆ ನಿಂತರೆ ಗುಮ್ಮಟ ಕಾಣುತ್ತದೆ, ಕಲ್ಲಿನ ಕೆತ್ತನೆ ಕಾಣುತ್ತದೆ, ಯಾರೂ ವಿವರಿಸಬೇಕಾಗಿಲ್ಲ. ಇಲ್ಲಿ ನೋಡಬೇಕಾದದ್ದು ಒಂದು ಏರು. ಆ ಏರು ರೈಲಿಗೆ ಏನು ಮಾಡುತ್ತದೆ ಅಂತ ಗೊತ್ತಾಗದಿದ್ದರೆ ಖಂಡಾಲಾ ಅಂದರೆ ಮಂಜು ಮತ್ತು ಭಜಿ, ಅಷ್ಟೇ.

ಕಥೆ ಶುರುವಾಗುವುದು ಕೆಳಗೆ, ಸಮತಟ್ಟು ನೆಲದಲ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. 34 ಕಿಲೋಮೀಟರ್. ಅದು ಸುಲಭದ ಕೆಲಸ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಗೆ ಬೇಕಾಗಿದ್ದದ್ದು ಠಾಣೆ ಅಲ್ಲ, ಘಟ್ಟದ ಮೇಲಿನ ಬಯಲುಸೀಮೆ. ಅಲ್ಲಿ ಹತ್ತಿ ಬೆಳೆಯುತ್ತಿತ್ತು. ಹಡಗು ಇರುವುದು ಮುಂಬೈಯಲ್ಲಿ. ನಡುವೆ ಸಹ್ಯಾದ್ರಿ, ಗೋಡೆ ಎಬ್ಬಿಸಿದ ಹಾಗೆ.

1856ರಲ್ಲಿ ಹಳಿ ಖೋಪೋಲಿ ತಲುಪಿತು. ಅಂದರೆ ಗೋಡೆಯ ಬುಡ. 1858ರಲ್ಲಿ ಗೋಡೆಯ ಮೇಲೆ ಖಂಡಾಲಾದಿಂದ ಪುಣೆಗೆ ಹಳಿ ಬಿತ್ತು. ನಡುವಿನ ತುಂಡು ಮಾತ್ರ ಇಲ್ಲ! ಮುಂಬೈಯಿಂದ ಬಂದವರು ಖೋಪೋಲಿಯಲ್ಲಿ ಇಳಿದು, ಪಲ್ಲಕ್ಕಿಯಲ್ಲೋ ಕುದುರೆ ಮೇಲೋ ಗಾಡಿಯಲ್ಲೋ ಘಾಟಿ ಹತ್ತಿ, ಮೇಲೆ ಇನ್ನೊಂದು ರೈಲು ಹಿಡಿಯಬೇಕಿತ್ತು. ಇಂದಿಗೂ ಕರ್ಜತ್ ಕಡೆಯಿಂದ ಹೋಗುವ ಲೋಕಲ್ ಖೋಪೋಲಿಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ, ಮುಂದೆ ದಾರಿಯಿಲ್ಲ. ಆ ಮೊಂಡು ಕವಲು ಯಾಕಿದೆ ಅಂತ ನಾನು ವರ್ಷಗಟ್ಟಲೆ ಅಂದುಕೊಂಡಿದ್ದೆ. ಒಂದು ಕಾಲಕ್ಕೆ ರೈಲಿನ ಕೊನೆಯೇ ಅದು.

ಕೊನೆಗೆ ಘಾಟಿ ಹತ್ತಿದ ಹಳಿ ಖೋಪೋಲಿಯಿಂದಲ್ಲ, ಕರ್ಜತ್ ಕಡೆಯಿಂದ ಹೊರಟಿತು. ಆ ಏರಿನ ತುಂಡು ಸುಮಾರು 25 ಕಿಲೋಮೀಟರ್. ಅಷ್ಟರಲ್ಲಿ 1,831 ಅಡಿ ಏರಬೇಕು. ತೀರಾ ಕಡಿದಾದ ಕಡೆ ಏರು 1:37. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಮಾವನಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. "ಇದೇನ್ ಏರು? ನಮ್ಮ ಹೊಲದ ಬದು ಇದಕ್ಕಿಂತ ಜಾಸ್ತಿ ಐತಿ." ಅವರ ಹೊಲ ಬಿಡಿ, ನಮ್ಮ ಬಿಲ್ಡಿಂಗಿನ ಪಾರ್ಕಿಂಗ್ ಇಳಿಜಾರೇ ಇದರ ಮೂರು ಪಟ್ಟು ಕಡಿದು.

ಹಾಗಾದರೆ ರೈಲಿಗೆ ಯಾಕೆ ಕಷ್ಟ? ಗಾಲಿಯಿಂದ. ಟ್ರ್ಯಾಕ್ಟರಿನ ಟೈರು ರಬ್ಬರು, ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ರೈಲಿನದ್ದು ಉಕ್ಕಿನ ಹಳಿ ಮೇಲೆ ಉಕ್ಕಿನ ಗಾಲಿ. ಒಂದು ಗಾಲಿ ಹಳಿಗೆ ತಾಕುವ ಜಾಗ ಹೆಚ್ಚುಕಡಿಮೆ ನಿಮ್ಮ ಹೆಬ್ಬೆರಳಿನ ಉಗುರಿನಷ್ಟು. ಅದಕ್ಕೇ ರೈಲು ಸಮತಟ್ಟಿನಲ್ಲಿ ಅಷ್ಟು ಹಗುರಾಗಿ ಉರುಳುತ್ತದೆ, ಅಷ್ಟು ಭಾರ ಎಳೆದರೂ ಖರ್ಚು ಕಡಿಮೆ. ಆದರೆ ಅದೇ ನುಣುಪು ಏರಿನಲ್ಲಿ ಕೈಕೊಡುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಉದ್ಯಾನ್ ಎಕ್ಸ್‌ಪ್ರೆಸ್ ಥರದ್ದೊಂದು ದೊಡ್ಡ ರೈಲು, ಡಬ್ಬಿ, ಜನ, ಇಂಜಿನ್ ಎಲ್ಲ ಸೇರಿ ಸುಮಾರು 1,200 ಟನ್ ಅಂತ ಹಿಡಿಯಿರಿ. ಸಮತಟ್ಟು ಹಳಿ ಮೇಲೆ ಅದನ್ನು ನಿಧಾನಕ್ಕೆ ಉರುಳಿಸಲು ನಾಲ್ಕು ಟನ್ನಿನಷ್ಟು ಎಳೆತ ಸಾಕು. 1:37 ಏರಿಗೆ ಬಂದ ಕೂಡಲೇ 1,200ನ್ನು 37ರಿಂದ ಭಾಗಿಸಿ: 32 ಟನ್ ಹೆಚ್ಚುವರಿ ಬೇಕು. ನಾಲ್ಕು ಇದ್ದದ್ದು ಮೂವತ್ತಾರಾಯಿತು. ಹೊಲದ ಬದುವಿಗಿಂತ ಕಡಿಮೆ ಇರುವ ಏರು ಒಂಬತ್ತು ಪಟ್ಟು ಶಕ್ತಿ ಕೇಳುತ್ತದೆ.

ಇಂಜಿನ್‌ಗೆ ಅಷ್ಟು ಶಕ್ತಿ ಇದ್ದರೂ ಸಾಲದು, ಹಿಡಿತ ಬೇಕು. ಈಗಿನ ದೊಡ್ಡ ಎಲೆಕ್ಟ್ರಿಕ್ ಇಂಜಿನ್ ಸುಮಾರು 123 ಟನ್ ತೂಗುತ್ತದೆ. ಒಣ ಹಳಿ ಮೇಲೆ ಅದರ ಕಾಲು ಭಾಗದಷ್ಟು, ಅಂದರೆ 30 ಟನ್ ಆಸುಪಾಸು ಎಳೆಯುವವರೆಗೆ ಗಾಲಿ ಜಾರುವುದಿಲ್ಲ. ನಮಗೆ ಬೇಕಾದದ್ದು 36. ಅದೂ ಒಣ ಹಳಿ ಲೆಕ್ಕ. ಖಂಡಾಲಾದ ಮಳೆ ನೋಡಿದವರಿಗೆ ಗೊತ್ತು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಣಗಿದ್ದು ಅಂತ ಏನೂ ಇರುವುದಿಲ್ಲ. ಒದ್ದೆ ಹಳಿ, ಮೇಲೆ ಎಲೆ, ಕೆಸರು. ಗಾಲಿ ನಿಂತಲ್ಲೇ ಗಿರಗಿರ ತಿರುಗುತ್ತದೆ. ಅದಕ್ಕೇ ಇಂಜಿನ್‌ನಲ್ಲಿ ಮರಳಿನ ಪೆಟ್ಟಿಗೆ ಇರುತ್ತದೆ. ಗಾಲಿಯ ಮುಂದೆ ಸಣ್ಣ ಕೊಳವೆಯಿಂದ ಮರಳು ಉದುರಿಸುತ್ತಾ ಹೋಗುತ್ತಾರೆ. ಇಷ್ಟು ದೊಡ್ಡ ಯಂತ್ರ ಕೊನೆಗೆ ಒಂದು ಹಿಡಿ ಮರಳಿನ ಮೇಲೆ ನಿಂತಿದೆ ಅಂದರೆ ನನಗೆ ಈಗಲೂ ಮಜಾ ಅನ್ನಿಸುತ್ತದೆ.

ಈಗ ಹಿಂದಕ್ಕೆ ಹೋಗಿ, 1850ರ ದಶಕದಲ್ಲಿ ನಿಂತು ಯೋಚಿಸಿ. ಉಗಿ ಇಂಜಿನ್, ದುರ್ಬಲ ಬ್ರೇಕು. ಡೈನಮೈಟ್ ಇನ್ನೂ ಬಂದಿಲ್ಲ, ಅದು ಬಂದದ್ದು 1867ರಲ್ಲಿ. ಬಂಡೆ ಒಡೆಯಲು ಕೈಯಲ್ಲಿ ಹಿಡಿದ ಉಳಿ, ಸುತ್ತಿಗೆ ಮತ್ತು ಕರಿ ಮದ್ದು. ಕಂಪನಿಯ ಮುಖ್ಯ ಇಂಜಿನಿಯರ್ ಜೇಮ್ಸ್ ಜಾನ್ ಬರ್ಕ್ಲಿ. ಅವನ ಮುಂದಿದ್ದ ಪ್ರಶ್ನೆ ಇದು: ಏರು 1:37ಕ್ಕಿಂತ ಕಡಿದಾಗಬಾರದು, ಆದರೆ ಬೆಟ್ಟ ಅದಕ್ಕಿಂತ ಎಷ್ಟೋ ಕಡಿದು. ಹಾಗಿದ್ದರೆ ದಾರಿಯನ್ನು ಉದ್ದ ಮಾಡಬೇಕು. ಬೆಟ್ಟದ ಮೈಯನ್ನು ಬಳಸಿ ಬಳಸಿ ಹೋಗಬೇಕು. ಬಹುತೇಕ ಕಡೆ ಹಾಗೇ ಮಾಡಿದರು. 25 ಸುರಂಗ, ಎಂಟು ಕಮಾನು ಸೇತುವೆ.

ಆದರೆ ಖಂಡಾಲಾದ ಕೆಳಗೆ ಬ್ಯಾಟರಿ ಹಿಲ್ ಹತ್ತಿರ ಬೆಟ್ಟದ ಚಾಚು ತೀರಾ ಇಕ್ಕಟ್ಟು. ಎಡಕ್ಕೂ ಪ್ರಪಾತ, ಬಲಕ್ಕೂ ಪ್ರಪಾತ. ಬಸ್ಸಾದರೆ ಹೇರ್‌ಪಿನ್ ತಿರುವು ತೆಗೆದುಕೊಳ್ಳುತ್ತದೆ. ರೈಲಿಗೆ ಹಾಗೆ ತಿರುಗಲು ಬರುವುದಿಲ್ಲ, ಅದಕ್ಕೆ ನೂರಾರು ಮೀಟರ್ ಅಗಲದ ಬಾಗು ಬೇಕು. ಅಷ್ಟು ಜಾಗ ಅಲ್ಲಿಲ್ಲ. ಉದ್ದನೆ ಸುರಂಗ ಕೊರೆಯೋಣ ಅಂದರೆ ಕರಿ ಮದ್ದಿನಲ್ಲಿ ವರ್ಷಗಳೇ ಬೇಕು.

ಉಪಾಯ ಸರಳವಾಗಿತ್ತು. ರೈಲನ್ನು ತಿರುಗಿಸುವುದೇ ಬೇಡ.

ನಮ್ಮ ಮುಂಬೈಯ ಹಳೇ ಚಾಳಿನ, ಅಂದರೆ ವಠಾರದ, ಮೆಟ್ಟಿಲು ನೆನಪಿಸಿಕೊಳ್ಳಿ. ಒಂದು ಸಾಲು ಹತ್ತಿದರೆ ಸಣ್ಣದೊಂದು ಕಟ್ಟೆ. ಅಲ್ಲಿ ನೀವು ತಿರುಗಿ ಎದುರು ದಿಕ್ಕಿನಲ್ಲಿ ಮುಂದಿನ ಸಾಲು ಹತ್ತುತ್ತೀರಿ. ಈಗ, ತಿರುಗದೆ ಹಿಮ್ಮುಖವಾಗಿ ಹತ್ತುತ್ತೀರಿ ಅಂದುಕೊಳ್ಳಿ. ರೈಲು ಮಾಡಿದ್ದು ಅದನ್ನೇ. ಮುಂಬೈ ಕಡೆಯಿಂದ ಏರಿ ಬಂದ ರೈಲು ಬೆಟ್ಟದ ಅಂಚಿನ ಒಂದು ಸಮತಟ್ಟು ಕಟ್ಟೆಗೆ ಬಂದು ನಿಲ್ಲುತ್ತಿತ್ತು. ಮುಂದೆ ಹಳಿ ಇಲ್ಲ. ಇಂಜಿನ್ ಕಳಚಿ, ಪಕ್ಕದ ಹಳಿಯಲ್ಲಿ ತಂದು, ಬಾಲಕ್ಕೆ ಕಟ್ಟುತ್ತಿದ್ದರು. ಅಷ್ಟರಲ್ಲಿ ಹಳಿಯ ಕವಲು ಬದಲಾಗಿರುತ್ತಿತ್ತು. ಬಾಲವೇ ತಲೆಯಾಗಿ, ರೈಲು ಬಂದ ದಿಕ್ಕಿಗೇ ಹೊರಡುತ್ತಿತ್ತು, ಆದರೆ ಈ ಸಲ ಮೇಲಿನ ಹಳಿಯಲ್ಲಿ. ಎತ್ತರದಿಂದ ನೋಡಿದರೆ ಹಳಿ ಇಂಗ್ಲಿಷಿನ ವೈ ಅಕ್ಷರದ ಹಾಗೆ. ಇದೇ ರಿವರ್ಸಿಂಗ್ ಸ್ಟೇಷನ್. 1863ರಲ್ಲಿ ಘಾಟಿಯ ಹಳಿ ತೆರೆದಾಗ ಅದು ಜಗತ್ತಿನ ದೊಡ್ಡ ಇಂಜಿನಿಯರಿಂಗ್ ಸಾಹಸಗಳಲ್ಲಿ ಒಂದು ಅನ್ನಿಸಿಕೊಂಡಿತ್ತು.

ಕಿಟಕಿ ಪಕ್ಕ ಕೂತ ಪ್ರಯಾಣಿಕನಿಗೆ ಇದು ಹೇಗಿದ್ದಿರಬೇಕು! ಇಷ್ಟು ಹೊತ್ತು ಮುಖ ಮಾಡಿ ಕೂತ ದಿಕ್ಕಿಗೆ ಈಗ ಬೆನ್ನು. ರೈಲು ವಾಪಸ್ ಮುಂಬೈಗೆ ಹೊರಟಿತೇನೋ ಅಂತ ಎಷ್ಟು ಜನ ಗಾಬರಿಯಾಗಿದ್ದರೋ.

ಕಟ್ಟಿದವರ ಕಥೆ ಬೇರೆ ಥರದ್ದು. 1861ರ ಹೊತ್ತಿಗೆ ಈ ಒಂದು ಏರಿನ ಮೇಲೆ 42,000 ಜನ ದುಡಿಯುತ್ತಿದ್ದರು. ನಮ್ಮ ಕಡೆಯ ಒಂದು ತಾಲೂಕು ಪಟ್ಟಣದ ಜನಸಂಖ್ಯೆಯೇ ಬೆಟ್ಟಕ್ಕೆ ನೇತುಬಿದ್ದ ಹಾಗೆ. ನೇತುಬಿದ್ದ ಅನ್ನುವುದು ಸುಮ್ನೆ ಮಾತಿಗಲ್ಲ. ಕಾಲಿಡಲು ಜಾಗವಿಲ್ಲದ ಕಡೆ ಸೊಂಟಕ್ಕೆ ಹಗ್ಗ ಕಟ್ಟಿ ಬಂಡೆಯ ಮುಖಕ್ಕೆ ಇಳಿಸುತ್ತಿದ್ದರು. ನೇತಾಡುತ್ತಲೇ ಮದ್ದು ತುಂಬಲು ತೂತು ಕೊರೆಯಬೇಕು. ಕಾಲರಾ ಬಂತು, ಬಂಡೆ ಜಾರಿತು, ಸಾವಿರಾರು ಜನ ಸತ್ತರು. ಕೂಲಿ ಸರಿಯಾಗಿ ಸಿಗದೆ 1859ರಲ್ಲಿ ದೊಡ್ಡ ಗಲಾಟೆಯೇ ಆಯಿತು. ಆಗಿನ ಗುತ್ತಿಗೆದಾರ ವಿಲಿಯಂ ಫ್ರೆಡರಿಕ್ ಫೇವಿಯಲ್ ಅದೇ ವರ್ಷ ಕೆಲಸ ಬಿಟ್ಟ.

ಅವನ ನಂತರ ಸಾಲೊಮನ್ ಟ್ರೆಡ್‌ವೆಲ್ ಅನ್ನುವವನು ಇಂಗ್ಲೆಂಡಿನಿಂದ ಗುತ್ತಿಗೆ ಹಿಡಿದು ಬಂದ. ಬಂದು ಕೆಲವೇ ವಾರದಲ್ಲಿ ಕಾಯಿಲೆ ಬಿದ್ದು ತೀರಿಕೊಂಡ. ಅಲ್ಲಿಗೆ ಗುತ್ತಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವನ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯನ್ನು ತನ್ನ ಹೆಸರಿಗೆ ಮುಂದುವರಿಸಿದಳು. ಅನುಭವ ಇದ್ದ ಇಬ್ಬರು ಇಂಜಿನಿಯರ್‌ಗಳನ್ನು ಉಸ್ತುವಾರಿಗೆ ಇಟ್ಟು ಕೆಲಸ ಪೂರ್ತಿ ಮಾಡಿಸಿದಳು. ಖಂಡಾಲಾ ಅಂದರೆ ಎಲ್ಲರೂ ಬರ್ಕ್ಲಿ ಹೆಸರು ಹೇಳುತ್ತಾರೆ. ಅವನು ಹಳಿ ತೆರೆಯುವುದನ್ನು ನೋಡಲಿಲ್ಲ, 1862ರಲ್ಲೇ ತೀರಿಕೊಂಡ. ಆಲಿಸ್ ಹೆಸರು ಹೇಳುವವರು ಕಡಿಮೆ. ಹಗ್ಗದಲ್ಲಿ ನೇತಾಡಿದವರ ಹೆಸರಂತೂ ಯಾರೂ ಬರೆದಿಡಲಿಲ್ಲ. ಆತುರದ ಕೆಲಸದ ಬೆಲೆಯೂ ಬೇಗ ತಿಳಿಯಿತು. 1867ರಲ್ಲಿ ಮಾವ್-ಕಿ-ಮಲ್ಲಿ ಅನ್ನುವ ಕಮಾನು ಸೇತುವೆ ಕುಸಿದುಬಿತ್ತು.

ಬರೆದಿಡದ ಹೆಸರುಗಳ ಪೈಕಿ ಒಂದು ಜನರ ಬಾಯಲ್ಲಿ ಉಳಿದಿದೆ. ಹಳೇ ರಸ್ತೆಯಲ್ಲಿ ಖೋಪೋಲಿಯಿಂದ ಹತ್ತುವಾಗ ಶಿಂಗ್ರೋಬಾ ಗುಡಿ ಸಿಗುತ್ತದೆ. ಲಾರಿಯವರು ಅಲ್ಲಿ ನಿಧಾನ ಮಾಡಿ ಕಾಸು ಹಾಕುತ್ತಾರೆ, ಕೈ ಮುಗಿಯುತ್ತಾರೆ. ಕಥೆ ಹೀಗೆ: ಘಾಟಿ ದಾಟುವ ದಾರಿ ಸಿಗದೆ ಇಂಗ್ಲಿಷರು ಒದ್ದಾಡುತ್ತಿದ್ದಾಗ ಧನಗರ ಕುರಿಗಾಹಿ ಶಿಂಗ್ರೋಬಾ ತನ್ನ ಕುರಿ ಹೋಗುವ ಜಾಡು ತೋರಿಸಿದ. ಏನು ಬೇಕು ಕೇಳು ಅಂದಾಗ ನಮ್ಮ ನೆಲ ಬಿಟ್ಟು ಹೋಗಿ ಅಂದ. ಗುಂಡು ಹೊಡೆದರು. ಇದಕ್ಕೆ ಕಾಗದಪತ್ರ ಕೇಳಬೇಡಿ, ಇದು ಘಾಟಿಯ ನೆನಪು. ಧನಗರ ಅಂದರೆ ನಮ್ಮ ಕುರುಬರು ಅಂತ ನಾನು ಹೇಳಿದ ಮೇಲೆ ಮಾವ ಕಾರಿನಿಂದ ಇಳಿದು ತೆಂಗಿನಕಾಯಿ ಒಡೆಸಿ ಬಂದರು. ಕುರಿ ಹಿಂದೆ ಹೋದವನಿಗೆ ಏರು ಎಲ್ಲಿ ಸುಲಭ ಅಂತ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ ಅನ್ನುವುದು ಅವರ ವಾದ. ನನಗೂ ಸರಿ ಅನ್ನಿಸಿತು.

ರಿವರ್ಸಿಂಗ್ ಸ್ಟೇಷನ್ ಸುಮಾರು 66 ವರ್ಷ ನಡೆಯಿತು. ತೊಂದರೆ ಶುರುವಾದದ್ದು ರೈಲು ಉದ್ದವಾದಾಗ. ಕಟ್ಟೆಯ ಮೇಲೆ ಹಿಡಿಸುವಷ್ಟೇ ಡಬ್ಬಿ ಹಾಕಬಹುದು, ಒಂದು ಹೆಚ್ಚಾದರೂ ಬಾಲ ಹೊರಗೆ. ಪ್ರತಿ ರೈಲೂ ನಿಂತು ಇಂಜಿನ್ ಬದಲಾಯಿಸುವ ತನಕ ಹಿಂದಿನ ರೈಲು ಕಾಯಬೇಕು. 1929ರಲ್ಲಿ ಹೊಸ ಸುರಂಗಗಳ ದಾರಿ ಸಿದ್ಧವಾಗಿ ಆ ವೈ ಅಳಿಯಿತು. ಅದೇ ಹೊತ್ತಿಗೆ ಘಾಟಿಗೆ ಕರೆಂಟು ಬಂತು. 1930ರ ಜೂನ್ 1ರಿಂದ ಮುಂಬೈ-ಪುಣೆ ನಡುವೆ ಡೆಕ್ಕನ್ ಕ್ವೀನ್ ರೈಲು ಓಡತೊಡಗಿತು. ಹಿಂದುಮುಂದಾಗುವ ಕಾಟ ತಪ್ಪಿತು.

ಏರು ಮಾತ್ರ ಹಾಗೇ ಉಳಿಯಿತು. 1:37. ಆದ್ದರಿಂದ ರೈಲು ಇವತ್ತೂ ನಿಲ್ಲುತ್ತದೆ, ಬೇರೆ ಕಡೆ.

ಊರಿಗೆ ರೈಲಿನಲ್ಲಿ ಹೋಗುವ ಮುಂಬೈ ಕನ್ನಡಿಗರಿಗೆಲ್ಲ ಘಾಟಿಯ ಬುಡದ ಕರ್ಜತ್ ಸ್ಟೇಷನ್ ಗೊತ್ತು. ಗದಗ ಎಕ್ಸ್‌ಪ್ರೆಸ್ ಇರಲಿ, ಚಾಲುಕ್ಯ ಇರಲಿ, ಉದ್ಯಾನ್ ಇರಲಿ. ರೈಲು ನಿಲ್ಲುತ್ತದೆ. ಹಿಂದಿನಿಂದ 'ಢಬ್' ಅಂತ ಒಂದು ಗುದ್ದು. ಮೇಲಿನ ಬರ್ತ್‌ನಲ್ಲಿ ಮಲಗಿದವರು ಕಣ್ಣು ಬಿಡದೆಯೇ "ಬ್ಯಾಂಕರ್ ಹತ್ತಿತು" ಅನ್ನುತ್ತಾರೆ. ಬ್ಯಾಂಕರ್ ಅಂದರೆ ಹಿಂದಿನಿಂದ ನೂಕುವ ಇಂಜಿನ್, ಎರಡೋ ಮೂರೋ ಒಟ್ಟಿಗೆ.

ಎಳೆಯುವ ಬದಲು ಯಾಕೆ ನೂಕುವುದು ಅಂತ ಮಾವ ಕೇಳಿದರು. ಇದು ಒಳ್ಳೇ ಪ್ರಶ್ನೆ. ಅವರಿಗೆ ಅವರದ್ದೇ ಉದಾಹರಣೆ ಕೊಟ್ಟೆ. ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಏರಿನಲ್ಲಿ ಸಿಕ್ಕಿಕೊಂಡಾಗ ಮುಂದೆ ಮೂರು ಟ್ರ್ಯಾಕ್ಟರ್ ಕಟ್ಟಿ ಎಳೆದರೆ ಮೊದಲು ಮುರಿಯುವುದು ಏನು? "ಕೊಂಡಿ," ಅಂದರು. ಅದೇ. ಮುಂದಿನಿಂದಲೇ ಎಲ್ಲ ಎಳೆದರೆ ಪೂರ್ತಿ ರೈಲಿನ ಭಾರ ಮೊದಲ ಡಬ್ಬಿಯ ಕೊಂಡಿ ಮೇಲೆ ಬೀಳುತ್ತದೆ. ಹಿಂದಿನಿಂದ ನೂಕಿದರೆ ಭಾರ ಹಂಚಿಹೋಗುತ್ತದೆ. ಇನ್ನೊಂದು ಲಾಭ ಇದೆ. ಏರಿನಲ್ಲಿ ಎತ್ತಿನ ಗಾಡಿ ನಿಂತರೆ ಒಬ್ಬ ಹುಡುಗ ಓಡಿಹೋಗಿ ಗಾಲಿ ಹಿಂದೆ ಕಲ್ಲು ಇಡುತ್ತಾನಲ್ಲ, ಬ್ಯಾಂಕರ್ ಆ ಕಲ್ಲೂ ಹೌದು. ನಡುವೆ ಎಲ್ಲೋ ಕೊಂಡಿ ಕಳಚಿದರೂ ಹಿಂದಿನ ಡಬ್ಬಿಗಳು ಕೆಳಗೆ ಓಡದ ಹಾಗೆ ಹಿಡಿಯುತ್ತದೆ.

ವಂದೇ ಭಾರತ್‌ಗೆ ಮಾತ್ರ ಬ್ಯಾಂಕರ್ ಬೇಡ. 2023ರಿಂದ ಸೋಲಾಪುರಕ್ಕೆ ಹೋಗುವ ಅದು ಸಲೀಸಾಗಿ ಏರಿಬಿಡುತ್ತದೆ. ಅದರಲ್ಲಿ ಮೋಟರ್ ಒಂದೇ ಇಂಜಿನ್‌ನಲ್ಲಿ ಇಲ್ಲ, ಅರ್ಧದಷ್ಟು ಡಬ್ಬಿಗಳ ಕೆಳಗೆ ಹಂಚಿದ್ದಾರೆ. ಹಳಿ ಕಚ್ಚುವ ಗಾಲಿ ಜಾಸ್ತಿ, ಜಾರುವುದು ಕಡಿಮೆ.

ಹತ್ತುವುದಕ್ಕಿಂತ ಇಳಿಯುವುದು ಇನ್ನೂ ಕಷ್ಟ. ನನಗೆ ಇದು ಅರ್ಥವಾದದ್ದು ನನ್ನದೇ ಪೆದ್ದುತನದಿಂದ. ಕೆಲವು ವರ್ಷದ ಹಿಂದೆ ಪುಣೆ ಕಡೆಯಿಂದ ಬರುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಖೋಪೋಲಿವರೆಗೆ ಇಳಿದೆ. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ. ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿತ್ತು, ಕಾರು ನಿಲ್ಲುತ್ತಿರಲಿಲ್ಲ. ಎರಡನೇ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ಪಕ್ಕಕ್ಕೆ ನಿಲ್ಲಿಸಿದೆ. ಬ್ರೇಕ್ ಸತತ ಉಜ್ಜಿದರೆ ಕಾಯುತ್ತದೆ, ಕಾದರೆ ಹಿಡಿತ ಬಿಡುತ್ತದೆ. ಒಂದೂವರೆ ಟನ್ ಕಾರಿಗೇ ಹೀಗಾದರೆ 1,200 ಟನ್ನಿಗೆ?

ಉಗಿ ಕಾಲದಲ್ಲಿ ಘಾಟಿಯ ಇಂಜಿನ್‌ಗಳಿಗೆ ಸ್ಲೆಡ್ಜ್ ಬ್ರೇಕ್ ಇತ್ತು, ಗಾಲಿಯನ್ನಲ್ಲ, ಹಳಿಯನ್ನೇ ಒತ್ತಿ ಹಿಡಿಯುವಂಥದ್ದು. ಈಗ ಮೋಟರನ್ನೇ ಉಲ್ಟಾ ಕೆಲಸ ಮಾಡಿಸುತ್ತಾರೆ. ಇಳಿಯುವ ರೈಲಿನ ಗಾಲಿ ಮೋಟರನ್ನು ತಿರುಗಿಸುತ್ತದೆ, ಮೋಟರ್ ಕರೆಂಟು ಹುಟ್ಟಿಸುತ್ತಾ ರೈಲನ್ನು ತಡೆಯುತ್ತದೆ. ಆ ಕರೆಂಟು ತಂತಿಗೆ ವಾಪಸ್. ಅಷ್ಟಾದರೂ ನಂಬಿಕೆ ಸಾಲದು. ಆದ್ದರಿಂದ ಮುಂಬೈ ಕಡೆಗೆ ಇಳಿಯುವ ರೈಲುಗಳು ಮಂಕಿ ಹಿಲ್, ಠಾಕೂರವಾಡಿಯಂಥ ಕಡೆ ಒಂದೆರಡು ನಿಮಿಷ ನಿಲ್ಲುತ್ತವೆ. ಯಾರೂ ಹತ್ತುವುದಿಲ್ಲ, ಇಳಿಯುವುದಿಲ್ಲ. "ಬ್ರೇಕ್ ಹಿಡಿಯುತ್ತಿದೆ" ಅಂತ ತೋರಿಸಲಷ್ಟೇ ನಿಲ್ಲುವುದು. ಅಲ್ಲಿ ಹಳಿಯ ಕವಲು ಮೊದಲೇ ಇನ್ನೊಂದು ದಾರಿಗೆ ತಿರುಗಿಸಿಟ್ಟಿರುತ್ತದೆ. ಅದಕ್ಕೆ ಕ್ಯಾಚ್ ಸೈಡಿಂಗ್ ಅನ್ನುತ್ತಾರೆ. ಗುಡ್ಡದ ಕಡೆಗೆ ಏರಿ ಕೊನೆಯಾಗುವ ಮೊಂಡು ಹಳಿ. ರೈಲು ನಿಂತರೆ ಮಾತ್ರ ಕವಲು ನೇರವಾಗುತ್ತದೆ. ನಿಲ್ಲಲಾಗದೆ ಓಡಿಬಂದರೆ ತಾನಾಗಿ ಆ ಏರಿಗೆ ನುಗ್ಗಿ ಉಸಿರು ಬಿಡುತ್ತದೆ.

ಈಗ ತಿಂಡಿ ವಿಷಯಕ್ಕೆ ಬರೋಣ, ಯಾಕಂದರೆ ಎರಡೂ ಒಂದೇ ವಿಷಯ. ಕರ್ಜತ್‌ನಲ್ಲಿ ಬ್ಯಾಂಕರ್ ಹತ್ತಲು ನಿಲ್ಲುವ ಹೊತ್ತಿಗೆ ವಡೆ ಮಾರುವವರು ಕಿಟಕಿಗೆ ಬರುತ್ತಾರೆ. ಲೋನಾವಳದಲ್ಲಿ ಅದು ಕಳಚಲು ನಿಲ್ಲುವ ಹೊತ್ತಿಗೆ ಚಿಕ್ಕಿ ಬರುತ್ತದೆ. ಕರ್ಜತ್ ವಡೆ, ಲೋನಾವಳ ಚಿಕ್ಕಿ ಯಾಕೆ ಇಷ್ಟು ಹೆಸರಾದವು ಅಂತ ರುಚಿಯಲ್ಲಿ ಮಾತ್ರ ಹುಡುಕಿದರೆ ಸಿಗುವುದಿಲ್ಲ. ಒಂದು ಏರಿನ ಕೆಳಗಿನ ತುದಿ, ಇನ್ನೊಂದು ಮೇಲಿನ ತುದಿ. ಅಲ್ಲಿ ರೈಲು ನಿಲ್ಲಲೇಬೇಕು, ಜನರಿಗೆ ಹಸಿವಾಗಲೇಬೇಕು.

ನೀವೂ ನಿಲ್ಲುವುದಾದರೆ ಒಂದೆರಡು ಮಾತು. ಹಳೇ ರಸ್ತೆ ಘಾಟಿಯ ಮೇಲ್ಗಡೆ ಸ್ವಲ್ಪ ದೂರ ಎಕ್ಸ್‌ಪ್ರೆಸ್‌ವೇ ಜತೆ ಒಂದಾಗುತ್ತದೆ, ಅಲ್ಲಿ ನಿಲ್ಲಬೇಡಿ, ಖಂಡಾಲಾ ಊರಿನೊಳಗೆ ಬಂದ ಮೇಲೆ ನಿಲ್ಲಿ. ಅಲ್ಲೇ ಇದ್ದ ಅಮೃತಾಂಜನ್ ಸೇತುವೆಯನ್ನು ಹುಡುಕಬೇಡಿ. ತಲೆನೋವಿನ ಔಷಧಿಯ ಜಾಹೀರಾತಿನಿಂದ ಹೆಸರು ಪಡೆದ ಆ ಹಳೇ ಕಲ್ಲು ಸೇತುವೆಯನ್ನು 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನಲ್ಲಿ ರಸ್ತೆ ಖಾಲಿ ಇದ್ದಾಗ, ಸ್ಫೋಟಕ ಇಟ್ಟು ಕೆಡವಿದರು. ರಿವರ್ಸಿಂಗ್ ಸ್ಟೇಷನ್ನಿನ ಹಳೇ ಗುರುತು ಹುಡುಕುತ್ತಾ ಹಳಿ ಮೇಲೆ ಇಳಿಯುವುದಂತೂ ಬೇಡವೇ ಬೇಡ, ಅದು ಅಪರಾಧ, ಮತ್ತು ಸುರಂಗದ ಬಾಯಲ್ಲಿ ರೈಲಿನ ಸದ್ದು ಯಾವ ಕಡೆಯಿಂದ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ ಬಂದರೆ ಕಣಿವೆ ಸ್ಪಷ್ಟ ಕಾಣುತ್ತದೆ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಖಂಡಾಲಾ ಸ್ಟೇಷನ್ನಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಮೇಲಿನದ್ದೆಲ್ಲ ಕಣ್ಣ ಮುಂದೆ ನಡೆಯುತ್ತದೆ.

ನಾವು ಹಾಗೇ ಕೂತೆವು. ಮೊದಲು ಮಂಜಿನೊಳಗಿಂದ ಹಾರ್ನ್. ಆಮೇಲೆ ದೀಪ. ಇಂಜಿನ್ ಹಾದುಹೋಯಿತು, ಡಬ್ಬಿಗಳು ನಡೆಯುವ ವೇಗಕ್ಕಿಂತ ಸ್ವಲ್ಪ ಜೋರಾಗಿ ಒಂದೊಂದಾಗಿ ಹೋದವು, ಚಾವಣಿಯಿಂದ ನೀರು ಸುರಿಯುತ್ತಿತ್ತು. ಕೊನೆಯ ಡಬ್ಬಿ ದಾಟಿತು ಅನ್ನುವಷ್ಟರಲ್ಲಿ ಬ್ಯಾಂಕರ್‌ಗಳು ಬಂದವು. ಪ್ಲಾಟ್‌ಫಾರ್ಮ್ ನಡುಗಿತು. ಮಾವ ಬೆರಳು ಮಡಚಿ ಎಣಿಸಿದರು.

"ಮೂರು," ಅಂದರು. "ಮ್ಯಾಲ ಹೋದ ಮ್ಯಾಲ ಇವು ಏನ್ ಮಾಡ್ತಾವು?"

"ಲೋನಾವಳದಲ್ಲಿ ಕಳಚಿ ಮತ್ತೆ ಕರ್ಜತ್‌ಗೆ ಇಳೀತಾವೆ. ಮುಂದಿನ ರೈಲು ನೂಕಬೇಕಲ್ಲ."

"ದಿನಾ?"

"ದಿನಾ, ರಾತ್ರಿನೂ."

ಮಾವ ಕೆಂಪು ದೀಪ ಮಂಜಿನಲ್ಲಿ ಕರಗುವ ತನಕ ನೋಡುತ್ತಿದ್ದರು. ಆಮೇಲೆ ಚಿಕ್ಕಿ ಎಲ್ಲಿ ಒಳ್ಳೇದು ಸಿಗುತ್ತದೆ ಅಂತ ಕೇಳಿದರು.